ಅಮ್ಮನ ಮಾತನ್ನು ಅಮ್ಮನೇ ಆಡಲಿ

ಪ್ರಶ್ನೆ: ನನ್ನ ಅಮ್ಮನಿಗೆ 64 ವರ್ಷ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬಿಪಿಯೂ ಇದೆ. ಮೆಟ್‌ಫಾರ್ಮಿನ್ ಮತ್ತು ಬಿಪಿ ಮಾತ್ರೆ ನಡೆಯುತ್ತಿವೆ. ಎರಡು ತಿಂಗಳಿಗೊಮ್ಮೆ ಊರಿಂದ ಬೆಂಗಳೂರಿಗೆ ಕರೆಸಿಕೊಂಡು ಡಾಕ್ಟರಿಗೆ ತೋರಿಸುತ್ತೇನೆ. ಹೊರಗೆ ಎರಡು ಗಂಟೆ ಕಾಯುತ್ತೇವೆ, ಒಳಗೆ ನಾಲ್ಕು ನಿಮಿಷವೂ ಸಿಗುವುದಿಲ್ಲ. ಡಾಕ್ಟರು ಕಂಪ್ಯೂಟರ್ ನೋಡುತ್ತಲೇ ಇರುತ್ತಾರೆ. ಟೈಮ್ ಉಳಿಯಲಿ ಅಂತ ನಾನೇ ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಡುತ್ತೇನೆ. ಅಮ್ಮ ಸುಮ್ಮನೆ ಕೂತಿರುತ್ತಾರೆ. ಆಟೋ ಹತ್ತಿದ ಮೇಲೆ, 'ಕಾಲು ಜೋಮು ಹಿಡಿಯೋದು ಹೇಳಲೇ ಇಲ್ಲ ಕಣೋ' ಅನ್ನುತ್ತಾರೆ. ಪ್ರತಿ ಸಲವೂ ಹೀಗೇ. ಡಾಕ್ಟರನ್ನು ಬದಲಾಯಿಸಬೇಕಾ? ಇಷ್ಟು ಕಡಿಮೆ ಸಮಯದಲ್ಲಿ ಸರಿಯಾಗಿ ಮಾತಾಡುವುದು ಹೇಗೆ?

ಉತ್ತರ: ಡಾಕ್ಟರು ಸಮಯ ಕೊಡುತ್ತಿಲ್ಲ ಅನ್ನುವ ನಿಮ್ಮ ಬೇಸರ ನ್ಯಾಯವಾದದ್ದು. ಅದರ ಬಗ್ಗೆ ಬರೆಯುತ್ತೇನೆ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಬೇರೆ ಸಾಲಿನ ಮೇಲೆ. 'ಟೈಮ್ ಉಳಿಯಲಿ ಅಂತ ನಾನೇ ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಡುತ್ತೇನೆ.' ಅಮ್ಮನ ಮಾತು ಕಳೆದುಹೋಗುತ್ತಿರುವುದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ.

ಬೇಜಾರು ಮಾಡಿಕೊಳ್ಳಬೇಡಿ. ನಾನೂ ಇದನ್ನೇ ಮಾಡಿದ್ದೇನೆ, ಅದೂ ಡಾಕ್ಟರಾಗಿದ್ದುಕೊಂಡು. ನನ್ನ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ತೂಕ ಇಳಿದಿತ್ತು. ನನಗೆ ಗೊತ್ತಿದ್ದ ಒಬ್ಬ ಹಿರಿಯ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಫೈಲು ಬಿಚ್ಚಿ, ರಿಪೋರ್ಟುಗಳನ್ನು ಒಂದೊಂದಾಗಿ ತೋರಿಸುತ್ತಾ ಐದು ನಿಮಿಷ ನಾನೇ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಅಪ್ಪನ ಕಡೆಗೆ ತಿರುಗಿಸಿಕೊಂಡು, 'ಯಜಮಾನ್ರೇ, ಈಗ ನೀವು ಹೇಳಿ' ಅಂದರು. ಅಪ್ಪ ಎದೆಯ ಮಧ್ಯೆ ಬೆರಳಿಟ್ಟು, 'ಅನ್ನ ಇಲ್ಲಿ ಬಂದು ನಿಲ್ಲುತ್ತೆ. ನೀರು ಕುಡಿದ್ರೆ ಇಳಿಯುತ್ತೆ' ಅಂದರು. ಆ ಮಾತನ್ನು ಅವರು ಮನೆಯಲ್ಲಿ ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಊಟ ಸೇರುವುದಿಲ್ಲ ಅಂದಾಗ ಹಸಿವಿಲ್ಲ ಅಂತ ನಾನೇ ಅರ್ಥ ಮಾಡಿಕೊಂಡಿದ್ದೆ. ಅದೇ ದಾರಿಯಲ್ಲಿ ಎರಡು ವಾರ ರಕ್ತಪರೀಕ್ಷೆಗಳನ್ನೇ ಮಾಡಿಸಿದ್ದೆ. ಅವರಿಗೆ ಬೇಕಾಗಿದ್ದು ಗಂಟಲಿನಿಂದ ನಳಿಕೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿ.

ಅವತ್ತಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಮಗ, ಮಗಳು, ಸೊಸೆ ಯಾರೇ ಜೊತೆಗೆ ಬಂದರೂ ಮೊದಲು ರೋಗಿಯ ಮುಖ ನೋಡಿ ಕೇಳುತ್ತೇನೆ. ಇದು ಬರೀ ಮರ್ಯಾದೆಯ ವಿಷಯ ಅಂದುಕೊಳ್ಳಬೇಡಿ. ರೋಗ ಪತ್ತೆಯಾಗುವುದೇ ಹೆಚ್ಚಾಗಿ ಮಾತಿನಲ್ಲಿ. 1975ರಲ್ಲಿ ಬ್ರಿಟನ್ನಿನ ವೈದ್ಯರು ಒಂದು ಸರಳವಾದ ಅಧ್ಯಯನ ಮಾಡಿದರು. ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ಜನರನ್ನು ತೆಗೆದುಕೊಂಡರು. ಊರಿನ ಡಾಕ್ಟರು ಕೊಟ್ಟ ಪತ್ರ ಓದಿ, ರೋಗಿಯ ಮಾತು ಕೇಳಿದ ಮೇಲೆ, ಮೈ ಮುಟ್ಟಿ ನೋಡುವ ಮೊದಲೇ, ಇದು ಇಂಥ ಕಾಯಿಲೆ ಅಂತ ಬರೆದಿಟ್ಟರು. ಎಲ್ಲ ಪರೀಕ್ಷೆ ಮುಗಿದ ಮೇಲೆ ಹೋಲಿಸಿ ನೋಡಿದರೆ 66 ಜನರಲ್ಲಿ ಆ ಮೊದಲ ಊಹೆಯೇ ಸರಿಯಾಗಿತ್ತು. ದೇಹ ಪರೀಕ್ಷೆಯಿಂದ ನಿರ್ಧಾರ ಬದಲಾಗಿದ್ದು 7 ಜನರಲ್ಲಿ, ಲ್ಯಾಬ್ ಪರೀಕ್ಷೆಯಿಂದ ಇನ್ನೊಂದು 7 ಜನರಲ್ಲಿ. ಇವತ್ತು ಸ್ಕ್ಯಾನಿಂಗ್ ಬಂದಿದೆ, ಲ್ಯಾಬುಗಳು ಬೆಳೆದಿವೆ. ಆದರೂ ಯಾವ ಸ್ಕ್ಯಾನ್ ಮಾಡಿಸಬೇಕು ಅನ್ನುವುದನ್ನು ಹೇಳುವುದು ರೋಗಿಯ ಮಾತೇ. ಅಪ್ಪನ ವಿಷಯದಲ್ಲಿ ಆಗಿದ್ದೂ ಅದೇ ಅಲ್ವಾ?

ಈಗ ಡಾಕ್ಟರ ಕಡೆಯ ತಪ್ಪಿಗೆ ಬರೋಣ. ಅದನ್ನು ಮುಚ್ಚಿಡುವುದಿಲ್ಲ. 1984ರಲ್ಲಿ ಅಮೆರಿಕದಲ್ಲಿ 74 ಭೇಟಿಗಳನ್ನು ಟೇಪ್ ಮಾಡಿ ಕೇಳಿದರು. ರೋಗಿ ತನ್ನ ತೊಂದರೆ ಹೇಳಲು ಶುರು ಮಾಡಿದ ಮೇಲೆ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರು. ಮೊದಲ ಮಾತನ್ನು ಪೂರ್ತಿ ಮುಗಿಸಲು ಆಗಿದ್ದು 17 ರೋಗಿಗಳಿಗೆ ಮಾತ್ರ. ಹೀಗೆ ಮಾಡುವ ಡಾಕ್ಟರುಗಳು, ರೋಗಿಯನ್ನು ಬಿಟ್ಟರೆ ಮಾತು ನಿಲ್ಲುವುದೇ ಇಲ್ಲ ಅನ್ನುತ್ತಾರೆ. ಆ ಭಯಕ್ಕೆ ಉತ್ತರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ 2002ರಲ್ಲಿ ಬಂತು. ಅಲ್ಲಿ 335 ರೋಗಿಗಳನ್ನು ತಡೆಯದೆ ಮಾತಾಡಲು ಬಿಟ್ಟು ಗುಟ್ಟಾಗಿ ಗಡಿಯಾರ ಹಿಡಿದರು. ಸರಾಸರಿ 92 ಸೆಕೆಂಡಿನಲ್ಲಿ ಮಾತು ತಾನಾಗಿಯೇ ಮುಗಿಯಿತು. ಹತ್ತರಲ್ಲಿ ಸುಮಾರು ಎಂಟು ಜನ ಎರಡು ನಿಮಿಷದೊಳಗೆ ಮುಗಿಸಿದರು. ಒಂದೂವರೆ ನಿಮಿಷ, ಅಷ್ಟೇ. ನನ್ನ ಜೊತೆ ಕೆಲಸ ಮಾಡುವ ಕಿರಿಯ ಡಾಕ್ಟರುಗಳಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಆದರೆ ನಮ್ಮಲ್ಲಿ ಇಡೀ ಭೇಟಿಯೇ ಎರಡು ನಿಮಿಷ ಆದರೆ ಏನು ಮಾಡುವುದು? 67 ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿದ ವರದಿಯೊಂದು 2017ರಲ್ಲಿ ಬಂತು. ಸ್ವೀಡನ್ನಿನಲ್ಲಿ ಒಂದು ಭೇಟಿಗೆ 22 ನಿಮಿಷಕ್ಕೂ ಜಾಸ್ತಿ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು 2 ನಿಮಿಷ. ನನಗೆ ಇದರಲ್ಲಿ ಆಶ್ಚರ್ಯ ಆಗಲಿಲ್ಲ. ನಾನು ಸರ್ಕಾರಿ ಆಸ್ಪತ್ರೆಯಲ್ಲಿದ್ದಾಗ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ 120 ಚೀಟಿ ನೋಡಿದ ದಿನಗಳಿವೆ. ಲೆಕ್ಕ ಹಾಕಿ, ಒಬ್ಬರಿಗೆ ಸರಿಯಾಗಿ ಎರಡೇ ನಿಮಿಷ. ಮುಂದಿನವರು ಬಾಗಿಲ ಹತ್ತಿರ ಬಂದು ನಿಂತಿರುತ್ತಾರೆ. ಹಿಂದಿನವರ ಚೀಟಿಯ ಶಾಯಿಯೂ ಆರಿರುವುದಿಲ್ಲ. ಡಾಕ್ಟರುಗಳೆಲ್ಲ ಕಲ್ಲುಮನಸ್ಸಿನವರಲ್ಲ. ಆ ಸಾಲು ಮನುಷ್ಯನನ್ನು ಹಾಗೆ ಮಾಡುತ್ತದೆ. ಹೊಸ ಪಠ್ಯದಲ್ಲಿ, 2019ರಿಂದ, ಎಂಬಿಬಿಎಸ್ ಮಕ್ಕಳಿಗೆ ರೋಗಿಯ ಜೊತೆ ಮಾತಾಡುವುದನ್ನೂ ಪಾಠವಾಗಿ ಕಲಿಸುತ್ತಿದ್ದಾರೆ. ನಮ್ಮ ಕಾಲದಲ್ಲಿ ಅದು ಇರಲಿಲ್ಲ. ಹಿರಿಯರನ್ನು ನೋಡಿ ಕಲಿತೆವು, ಒಳ್ಳೆಯದನ್ನೂ ಕೆಟ್ಟದ್ದನ್ನೂ.

ನಿಮಗೆ ನಾಲ್ಕು ನಿಮಿಷವೂ ಸಿಗುವುದಿಲ್ಲ ಅಂದಿರಿ. ಸಿಗುವಷ್ಟರಲ್ಲೇ ಮೊದಲ ಒಂದು ನಿಮಿಷವನ್ನು ಅಮ್ಮನಿಗೆ ಬಿಟ್ಟುಕೊಡಿ. ಇದೊಂದು ಮಾಡಿದರೆ ಮುಕ್ಕಾಲು ಕೆಲಸ ಆದಂತೆ.

ಯಾಕೆ ಅಂದರೆ, ನೀವು ಇಂಗ್ಲಿಷಿಗೆ ತಿರುಗಿಸುವಾಗ ಅಮ್ಮನ ಮಾತಿನಲ್ಲಿದ್ದ ಅರ್ಧ ವಿಷಯ ಸೋರಿಹೋಗುತ್ತದೆ. ಕಾಲಿನ ವಿಷಯವನ್ನೇ ನೋಡಿ. ನಮ್ಮ ಹೆಂಗಸರು ಜೋಮು, ಉರಿ, ಸೆಳೆತ, ಚುಳುಕು, ಮರಗಟ್ಟಿದ ಹಾಗೆ, ನರ ಹಿಡಿದ ಹಾಗೆ ಅಂತೆಲ್ಲ ಹೇಳುತ್ತಾರೆ. ಮಗನ ಬಾಯಲ್ಲಿ ಇವೆಲ್ಲ 'ಲೆಗ್ ಪೇನ್' ಆಗಿಬಿಡುತ್ತವೆ. ಡಾಕ್ಟರಿಗೆ ಮಾತ್ರ ಇವು ಬೇರೆ ಬೇರೆ ದಾರಿ. ರಾತ್ರಿ ಮಲಗಿದಾಗ ಎರಡೂ ಪಾದ ಜೋಮು ಹಿಡಿದು ಉರಿಯುತ್ತದೆ ಅಂದರೆ ನಾನು ನರಗಳ ಬಗ್ಗೆ ಯೋಚಿಸುತ್ತೇನೆ. ಸ್ವಲ್ಪ ದೂರ ನಡೆದರೆ ಮೀನಖಂಡ ಸೆಳೆಯುತ್ತದೆ, ನಿಂತರೆ ಹೋಗುತ್ತದೆ ಅಂದರೆ ಕಾಲಿನ ರಕ್ತನಾಳ ಕಟ್ಟಿರಬಹುದು ಅಂತ ನಾಡಿ ಹುಡುಕುತ್ತೇನೆ. ಬೆಳಗಿನ ಜಾವ ಫಕ್ಕನೆ ಮೀನಖಂಡ ಗಂಟು ಕಟ್ಟಿದ ಹಾಗಾಗುತ್ತದೆ ಅಂದರೆ ಅದು ಸ್ನಾಯುವಿನ ಹಿಡಿತ, ಬಹುತೇಕ ಅಷ್ಟು ಗಾಬರಿ ಪಡಬೇಕಾದ್ದಲ್ಲ.

ತಲೆ ಸುತ್ತು ಅನ್ನುವ ಮಾತೂ ಹಾಗೇ. ಮನೆ, ಗೋಡೆ ಎಲ್ಲ ಗಿರಗಿರ ತಿರುಗಿದ ಹಾಗಾಗುತ್ತಾ? ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಾ? ಇಲ್ಲ, ನಡೆಯುವಾಗ ತೂರಾಡಿದ ಹಾಗಾಗುತ್ತಾ? ಮೊದಲನೆಯದು ಹೆಚ್ಚಾಗಿ ಕಿವಿಯ ಒಳಭಾಗದ ತೊಂದರೆ. ಎರಡನೆಯದರಲ್ಲಿ ಬಿಪಿ ಇಳಿಯುತ್ತಿದೆಯಾ ನೋಡಬೇಕು, ಮಾತ್ರೆ ಜಾಸ್ತಿ ಆಗಿರಬಹುದು. ಮೂರನೆಯದರಲ್ಲಿ ಮತ್ತೆ ಪಾದದ ನರಗಳನ್ನು ನೋಡಬೇಕು. ಸುಸ್ತು ಅನ್ನುವುದಂತೂ ಒಂದು ಸಮುದ್ರ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನೂ ಸುಸ್ತು ಅನ್ನುತ್ತಾರೆ. ರಕ್ತ ಕಡಿಮೆಯಾದಾಗ ಮೈ ಕೈ ಬೀಳುವುದನ್ನೂ ಸುಸ್ತು ಅನ್ನುತ್ತಾರೆ. ಗಂಡ ತೀರಿಕೊಂಡು ಆರು ತಿಂಗಳಾಗಿ ಯಾವುದರಲ್ಲೂ ಮನಸ್ಸಿಲ್ಲದ ಹೆಂಗಸರೂ ನನ್ನ ಎದುರು ಕೂತು 'ಬರೀ ಸುಸ್ತು ಡಾಕ್ಟ್ರೇ' ಅಂದಿದ್ದಾರೆ. ಇದನ್ನು 'ವೀಕ್‌ನೆಸ್' ಅಂದುಬಿಟ್ಟರೆ ಕೈಗೆ ಬರುವುದು ಒಂದು ಟಾನಿಕ್ ಬಾಟಲಿ, ಇಲ್ಲವೇ ಗ್ಲೂಕೋಸ್ ಡ್ರಿಪ್. ಆ ಅರ್ಧ ಲೀಟರಿನ ಶೇಕಡಾ 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಅದು ಸುಸ್ತಿಗೆ ಔಷಧಿ ಅಲ್ಲ.

'ಗ್ಯಾಸ್' ಅನ್ನುವ ಮಾತಿನ ಬಗ್ಗೆ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇರುವವರಿಗೆ ಹೃದಯಾಘಾತ ಆದಾಗ ಎದೆನೋವು ಅಷ್ಟಾಗಿ ಗೊತ್ತಾಗದೇ ಇರಬಹುದು. ಎದೆ ಭಾರ, ಬೆವರು, ಉಸಿರು ಕಟ್ಟಿದ ಹಾಗೆ, ಹೊಟ್ಟೆಯ ಮೇಲ್ಭಾಗ ಹಿಂಡಿದ ಹಾಗೆ, ಇಷ್ಟೇ ಇರಬಹುದು. ಅಮ್ಮ ಇದನ್ನು ಗ್ಯಾಸ್ಟ್ರಿಕ್ ಅಂದರೆ ನಂಬಿ ಕೂರಬೇಡಿ. ಅವತ್ತು ಅಪಾಯಿಂಟ್‌ಮೆಂಟ್ ನೋಡಬೇಡಿ, ನೇರವಾಗಿ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ.

ನಿಮ್ಮ ಡಾಕ್ಟರಿಗೆ ಕನ್ನಡ ಬರುತ್ತದೋ ಇಲ್ಲವೋ ನೀವು ಬರೆದಿಲ್ಲ. ಬೆಂಗಳೂರಿನಲ್ಲಿ ಬರದೇ ಇರುವವರೂ ಇದ್ದಾರೆ. ಬರದಿದ್ದರೆ ನೀವು ಅನುವಾದ ಮಾಡಲೇಬೇಕು. ಆಗಲೂ ಅಮ್ಮ ಮೊದಲು ಹೇಳಲಿ, ಕೈಯಿಂದ ಜಾಗ ತೋರಿಸಲಿ. ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ತಿರುಗಿಸಿ. 'ಇರುವೆ ಹರಿದ ಹಾಗಾಗುತ್ತೆ' ಅಂದರೆ ಇರುವೆ ಹರಿದ ಹಾಗೆ ಅಂತಲೇ ಹೇಳಿ. ಅದಕ್ಕೆ ವೈದ್ಯರ ಪದ ಹುಡುಕುವುದು ವೈದ್ಯರ ಕೆಲಸ. ಕನ್ನಡ ಬರುವವರಾದರೆ ನೀವು ಇಂಗ್ಲಿಷ್ ಹಿಡಿಯುವ ಅಗತ್ಯವೇ ಇಲ್ಲ. ಎದುರಿಗೇ ಕೂತು ತನ್ನ ಕಾಯಿಲೆಯ ಬಗ್ಗೆ ಇಬ್ಬರು ತನಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಿದ್ದರೆ ಯಾರಿಗೇ ಆಗಲಿ ನಡುವೆ ಬಾಯಿ ಹಾಕಲು ಧೈರ್ಯ ಬರುವುದಿಲ್ಲ. ಅಮ್ಮನಿಗೆ ಆಟೋದಲ್ಲಿ ಮಾತು ಬರುತ್ತದೆ ಅಂದರೆ, ಅಲ್ಲಿ ಅವರ ಭಾಷೆ ವಾಪಸ್ ಬಂತು ಅಂತ.

ಇನ್ನೊಂದು ತೊಡಕು ನಮ್ಮ ಮರ್ಯಾದೆಯಲ್ಲೇ ಇದೆ. ಡಾಕ್ಟರು 'ಹೇಗಿದ್ದೀರಮ್ಮ?' ಅಂತ ಕೇಳುತ್ತಾರೆ. ಅಮ್ಮ 'ಚೆನ್ನಾಗಿದ್ದೀನಿ' ಅನ್ನುತ್ತಾರೆ. ಮನೆಗೆ ಬಂದ ನೆಂಟರಿಗೆ ಹೇಳುವ ಉತ್ತರ ಅದು. ಬಾಯಿಗೆ ತಾನಾಗಿಯೇ ಬರುತ್ತದೆ. ಡಾಕ್ಟರು ಅದನ್ನು ನಿಜ ಅಂದುಕೊಂಡು 'ಯಾವ ತೊಂದರೆಯೂ ಇಲ್ಲ' ಅಂತ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಅಲ್ಲಿಗೆ ಬಾಗಿಲು ಮುಚ್ಚಿತು. ಅದಕ್ಕೇ ಹಿಂದಿನ ರಾತ್ರಿ ಅಮ್ಮನ ಪಕ್ಕ ಕೂತು ಒಂದು ಪ್ರಶ್ನೆ ಕೇಳಿ: 'ಈ ಎರಡು ತಿಂಗಳಲ್ಲಿ ನಿನಗೆ ಜಾಸ್ತಿ ಕಾಡಿದ್ದು ಯಾವುದಮ್ಮ?' ಅವರು ಹೇಳುವುದನ್ನು ಅವರ ಮಾತಿನಲ್ಲೇ ಒಂದು ಚೀಟಿಯಲ್ಲಿ ಬರೆಯಿರಿ. ಎರಡೋ ಮೂರೋ ಸಾಕು. ಹೆಚ್ಚು ಭಯ ಹುಟ್ಟಿಸಿದ್ದು ಮೇಲೆ ಬರಲಿ. ಯಾವಾಗ ಶುರುವಾಯಿತು, ಯಾವಾಗ ಜಾಸ್ತಿ, ಏನು ಮಾಡಿದರೆ ಕಡಿಮೆ, ಅಷ್ಟು ಇರಲಿ. 'ಹೇಗಿದ್ದೀರಿ' ಅಂದ ತಕ್ಷಣ ಅಮ್ಮ ಹೇಳಬೇಕಾದ ಮೊದಲ ವಾಕ್ಯ ಅದೇ. ಮನೆಯಲ್ಲಿ ಒಂದು ಸಲ ಹೇಳಿಸಿ ನೋಡಿ. ನಾಚಿಕೆ ಪಡಬೇಡಿ, ಬಸ್ಸಿನಲ್ಲಿ ಹೋಗುವಾಗಲೂ ಇನ್ನೊಂದು ಸಲ ಹೇಳಿಸಿ.

ಡಾಕ್ಟರು ಕೀಬೋರ್ಡಿನ ಮೇಲೆ ಕೈ ಇಟ್ಟಿರುವಾಗ ಮುಖ್ಯ ಮಾತು ಶುರು ಮಾಡಬೇಡಿ. ಆ ಚೀಟಿಯನ್ನು ಮೇಜಿನ ಮೇಲೆ ಇಟ್ಟು ಒಂದು ಕ್ಷಣ ಸುಮ್ನಿರಿ. ಕೈಬರಹದ ಚೀಟಿ ಕಂಡರೆ ನಾನಂತೂ ತಲೆ ಎತ್ತುತ್ತೇನೆ. 'ಇವತ್ತು ಮೂರು ವಿಷಯ ಇದೆ ಡಾಕ್ಟ್ರೇ, ಅಮ್ಮ ಹೇಳ್ತಾರೆ' ಅಂತ ನೀವು ಒಂದು ಮಾತು ಹೇಳಿ ಹಿಂದಕ್ಕೆ ಸರಿಯಿರಿ. ಎಷ್ಟು ವಿಷಯ ಇದೆ ಅಂತ ಮೊದಲೇ ಗೊತ್ತಾದರೆ ನಾವು ಸಮಯವನ್ನು ಹಂಚಿಕೊಳ್ಳುತ್ತೇವೆ. ಗೊತ್ತಿಲ್ಲದಿದ್ದರೆ ಮೊದಲನೆಯದನ್ನೇ ಹಿಡಿದುಕೊಂಡು ಹೋಗುತ್ತೇವೆ. ಎಷ್ಟೋ ಸಲ ನಿಜವಾದ ತೊಂದರೆ ಮೂರನೆಯದೇ ಆಗಿರುತ್ತದೆ.

ಡಾಕ್ಟರುಗಳು ಕೊನೆಗೆ ಕೇಳುವ ಮಾತಿನಲ್ಲೂ ಒಂದು ಗುಟ್ಟಿದೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯರ ಪ್ರಶ್ನೆಯಲ್ಲಿ ಒಂದೇ ಒಂದು ಪದ ಬದಲಾಯಿಸಿ ನೋಡಿದರು. ಇಲ್ಲ ಅನ್ನುವ ಉತ್ತರ ನಿರೀಕ್ಷಿಸುವ ಪದ ತೆಗೆದು, ಇದೆ ಅನ್ನುವ ಉತ್ತರ ನಿರೀಕ್ಷಿಸುವ ಪದ ಹಾಕಿದರು. ಹೇಳದೇ ಉಳಿದ ತೊಂದರೆಗಳು ಶೇಕಡಾ 78ರಷ್ಟು ಕಡಿಮೆಯಾದವು. ನಮ್ಮ ಭಾಷೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 'ಇನ್ನೇನೂ ಇಲ್ಲ ಅಲ್ವಾ?' ಅಂದರೆ ನಮ್ಮ ಜನ 'ಇಲ್ಲ' ಅಂತಲೇ ತಲೆ ಆಡಿಸುತ್ತಾರೆ. 'ಇನ್ನೂ ಏನಿದೆ, ಹೇಳಿ' ಅಂದರೆ ಒಂದು ಗಳಿಗೆ ಯೋಚಿಸಿ ಹೇಳುತ್ತಾರೆ. ಹಿಂದಿನ ರಾತ್ರಿ ಅಮ್ಮನನ್ನು ಕೇಳುವಾಗ ನೀವೂ ಎರಡನೆಯ ಹಾಗೆಯೇ ಕೇಳಿ.

ಮಾತ್ರೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಯಾಕೆಂದರೆ ಹೆಚ್ಚು ಅನಾಹುತ ಆಗುವುದನ್ನು ನಾನು ನೋಡಿರುವುದು ಇಲ್ಲೇ. ತುಂಬಾ ವರ್ಷದ ಹಿಂದೆ ಒಬ್ಬ ಅಜ್ಜಿ ನನ್ನ ಹತ್ತಿರ ಬರುತ್ತಿದ್ದರು. ಪ್ರತಿ ಸಲ ಬಿಪಿ 160ರ ಮೇಲೆ. 'ಮಾತ್ರೆ ತಗೊಳ್ತಿದ್ದೀರಾ?' ಅಂತ ಕೇಳುತ್ತಿದ್ದೆ. 'ಹೂಂ' ಅನ್ನುತ್ತಿದ್ದರು. ನಾನು ಡೋಸ್ ಏರಿಸಿದೆ, ಇನ್ನೊಂದು ಸಲ ಏರಿಸಿದೆ. ಅವರಿಗೆ ಮಾತ್ರೆ ತಗೊಂಡರೆ ಎದ್ದಾಗ ಕಣ್ಣು ಕತ್ತಲೆ ಬರುತ್ತಿತ್ತಂತೆ. ಅದಕ್ಕೆ ಅರ್ಧ ಮುರಿದು ನುಂಗುತ್ತಿದ್ದರು, ಕೆಲವು ದಿನ ಅದೂ ಇಲ್ಲ. ನಾನು ಬೈಯುತ್ತೇನೆ ಅಂತ ಹೇಳಿರಲಿಲ್ಲ. ಆಮೇಲೆ ಸೊಸೆ ಬಂದು ಮಾತ್ರೆಯ ಜವಾಬ್ದಾರಿ ತಗೊಂಡು, ಬರೆದಷ್ಟೂ ಪೂರ್ತಿ ಕೊಡಲು ಶುರು ಮಾಡಿದರು. ನಾಲ್ಕನೇ ದಿನ ಅಜ್ಜಿ ಬಚ್ಚಲಲ್ಲಿ ಬಿದ್ದರು. ಆಮೇಲೆ ಅವರನ್ನು ಎದ್ದು ನಿಲ್ಲಿಸಿ ಬಿಪಿ ನೋಡಿದೆ. ಕೂತಾಗಿನದಕ್ಕಿಂತ ನಿಂತಾಗ 30 ಇಳಿಯುತ್ತಿತ್ತು. ಮೊದಲೇ ನಿಲ್ಲಿಸಿ ನೋಡಿದ್ದರೆ, ಕೇಳುವ ಹಾಗೆ ಕೇಳಿದ್ದರೆ, ಅವರು ಬೀಳುತ್ತಿರಲಿಲ್ಲ. ಅವರ ಸುಳ್ಳಿನಲ್ಲಿ ನನ್ನ ಪಾಲೂ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆಮೇಲಿಂದ 'ವಾರದಲ್ಲಿ ಎಷ್ಟು ದಿನ ಮಾತ್ರೆ ತಪ್ಪುತ್ತೆ?' ಅಂತ ಕೇಳುತ್ತೇನೆ. ಎಲ್ಲರಿಗೂ ತಪ್ಪುತ್ತದೆ ಅಂತ ಮೊದಲೇ ಒಪ್ಪಿಕೊಂಡು ಕೇಳಿದರೆ ಜನ ನಿಜ ಹೇಳುತ್ತಾರೆ.

ನೀವು ಮಾಡಬೇಕಾದ್ದು ಇಷ್ಟು. ಅಮ್ಮ ನುಂಗುವ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬರೀ ಸಕ್ಕರೆ, ಬಿಪಿ ಮಾತ್ರೆಗಳ ಸ್ಟ್ರಿಪ್ ಸಾಲದು. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಇದ್ದರೆ ಅದೂ ಬರಲಿ, ಅದು ಬಿಪಿ ಏರಿಸುತ್ತದೆ, ಕಿಡ್ನಿಗೂ ಪೆಟ್ಟು. ಪಕ್ಕದ ಮನೆಯವರು ಕೊಟ್ಟ ಪುಡಿ, ಕಷಾಯ, ಹಾಗಲಕಾಯಿ ರಸ ಎಲ್ಲ ಹೇಳಿ. ಸಂಕಷ್ಟಿ, ಏಕಾದಶಿ, ಶನಿವಾರದ ಒಪ್ಪತ್ತು ಮಾಡುತ್ತಾರಾ? ಅದನ್ನೂ ಹೇಳಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಉಪವಾಸ ಮಾಡಿದರೆ ಸಕ್ಕರೆ ಕುಸಿದು ಬೀಳುವ ಅಪಾಯ ಇದೆ. ಉಪವಾಸ ಬಿಡು ಅಂತ ಅಮ್ಮನ ಜೊತೆ ಜಗಳಕ್ಕೆ ಹೋಗಬೇಡಿ. ಯಾವ ದಿನ ಯಾವ ಮಾತ್ರೆ ಬಿಡಬೇಕು ಅಂತ ಡಾಕ್ಟರನ್ನು ಕೇಳಿ, ಅದಕ್ಕೆ ದಾರಿ ಇದೆ.

ಈಗ ನಿಮಗೆ ಸ್ವಲ್ಪ ಕಷ್ಟ ಅನ್ನಿಸುವ ಮಾತು. ಕೆಲವು ನಿಮಿಷ ನೀವು ಹೊರಗೆ ಹೋಗಿ. ಸಕ್ಕರೆ ಜಾಸ್ತಿ ಇದ್ದಾಗ ಹೆಂಗಸರಿಗೆ ಕೆಳಗಡೆ ತುರಿಕೆ ಬರುವುದು ತುಂಬಾ ಸಾಮಾನ್ಯ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಹೊಸ ಮಾತ್ರೆಗಳಿಂದಲೂ ಬರುತ್ತದೆ. ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವ ತೊಂದರೆಯೂ ಈ ವಯಸ್ಸಿನಲ್ಲಿ ಎಷ್ಟೋ ಜನಕ್ಕೆ ಇರುತ್ತದೆ. ದೇವಸ್ಥಾನಕ್ಕೆ, ಮದುವೆಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ, ಕಾರಣ ಮಾತ್ರ ಹೇಳುವುದಿಲ್ಲ. ಮಗನ ಎದುರು ಯಾವ ತಾಯಿ ಇದನ್ನು ಹೇಳುತ್ತಾಳೆ? 'ಡಾಕ್ಟ್ರೇ, ನಾನು ಎರಡು ನಿಮಿಷ ಹೊರಗಿರ್ತೀನಿ, ಅಮ್ಮ ಏನಾದ್ರೂ ಹೇಳೋದಿದ್ರೆ ಹೇಳಲಿ' ಅಂದರೆ ಸಾಕು. ಡಾಕ್ಟರು ಗಂಡಸಾಗಿದ್ದು ಪರೀಕ್ಷೆ ಮಾಡಬೇಕಾಗಿ ಬಂದರೆ ಒಬ್ಬ ನರ್ಸೋ, ಮನೆಯ ಹೆಂಗಸೋ ಜೊತೆಗಿರಬೇಕು ಅಂತ ಕೇಳುವುದು ಅಮ್ಮನ ಹಕ್ಕು. ಕೇಂದ್ರ ಆರೋಗ್ಯ ಇಲಾಖೆಯ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೇ ಅದು ಇದೆ.

ಹೊರಡುವ ಮುಂಚೆ ಇನ್ನೊಂದು ಅರ್ಧ ನಿಮಿಷ ಉಳಿಸಿಕೊಳ್ಳಿ. ಡಾಕ್ಟರು ಹೇಳಿದ್ದರಲ್ಲಿ ಶೇಕಡಾ 40ರಿಂದ 80ರಷ್ಟು ರೋಗಿಗೆ ತಕ್ಷಣವೇ ಮರೆತುಹೋಗುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಅದಕ್ಕೆ ಅಮ್ಮನ ಕೈಲೇ ವಾಪಸ್ ಹೇಳಿಸಿ. 'ಬಿಳಿ ಮಾತ್ರೆ ಬೆಳಿಗ್ಗೆ ರಾತ್ರಿ ಊಟ ಆದ್ಮೇಲೆ, ಚಿಕ್ಕದು ಬೆಳಿಗ್ಗೆ ಮಾತ್ರ, ಸರೀನಾ ಡಾಕ್ಟ್ರೇ?' ಅಂತ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಚೀಟಿ ಓದಲು ಬಾರದಿದ್ದರೆ ಕೇಳಲು ಸಂಕೋಚ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಿಗೆ 2016ರಲ್ಲಿ ತಿದ್ದುಪಡಿ ಆಗಿ, ಔಷಧಿಯ ಹೆಸರನ್ನು ಓದಲು ಬರುವ ಹಾಗೆ ಬರೆಯಬೇಕು ಅಂತ ಬಂದಿದೆ. ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲೇ ಬರೆಯುವ ಹಾಗಾಗಲಿ ಅಂತ ಕನ್ನಡ ಅಭಿವೃದ್ಧಿ ಪ್ರಾಧಿಕಾರ 2024ರಲ್ಲಿ ಕೇಳಿತ್ತು. ನನಗೆ ಅದು ಒಪ್ಪಿಗೆ. ಔಷಧಿಯ ಹೆಸರು ಯಾವ ಲಿಪಿಯಲ್ಲೇ ಇರಲಿ, ಯಾವಾಗ, ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಅನ್ನುವುದಾದರೂ ಕನ್ನಡದಲ್ಲಿ ಇರಬೇಕು. ನಾನು ಹಾಗೇ ಬರೆಯುತ್ತೇನೆ.

ಡಾಕ್ಟರನ್ನು ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಅಮ್ಮನನ್ನು ಇಷ್ಟು ದಿನ ನೋಡಿದವರಿಗೆ ಅವರ ಹಳೆಯ ಲೆಕ್ಕವೆಲ್ಲ ಗೊತ್ತಿರುತ್ತದೆ, ಅದಕ್ಕೆ ಬೆಲೆ ಇದೆ. ಮೇಲೆ ಹೇಳಿದ ಹಾಗೆ ಎರಡು ಸಲ ಮಾಡಿ ನೋಡಿ. ರಿಸೆಪ್ಷನ್ನಿನಲ್ಲಿ, 'ವರ್ಷಕ್ಕೊಂದು ಸಲ ಸ್ವಲ್ಪ ಜಾಸ್ತಿ ಸಮಯ ಬೇಕು, ಯಾವ ದಿನ ರಶ್ ಕಡಿಮೆ?' ಅಂತಲೂ ಕೇಳಿ. ಕಾಲು, ಕಣ್ಣು, ಕಿಡ್ನಿ ಈ ಮೂರನ್ನು ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆಯಾದರೂ ನೋಡಲೇಬೇಕು, ಅದಕ್ಕೆ ನಾಲ್ಕು ನಿಮಿಷ ಸಾಲುವುದಿಲ್ಲ. ಇಷ್ಟೆಲ್ಲ ಆದ ಮೇಲೂ, ಅಮ್ಮ ಬಾಯಿಬಿಟ್ಟು ಕಾಲು ಜೋಮು ಅಂದಾಗಲೂ ಡಾಕ್ಟರು ಕಾಲು ನೋಡದೇ ಮಾತ್ರೆ ಬರೆದರೆ ಬದಲಾಯಿಸಿ. ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾದರೂ ಬದಲಾಯಿಸಿ. ಆಗ ಹಳೆಯ ದಾಖಲೆಗಳ ಪ್ರತಿ ಕೇಳಿ ತಗೊಳ್ಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮಗಳಲ್ಲಿದೆ. ನಮ್ಮ ಜನ 'ಆ ಡಾಕ್ಟರ ಕೈಗುಣ ಚೆನ್ನಾಗಿದೆ' ಅನ್ನುತ್ತಾರಲ್ಲ, ಆ ಮಾತನ್ನು ನಾನು ಗೌರವಿಸುತ್ತೇನೆ. ನಾನು ನೋಡಿದ ಮಟ್ಟಿಗೆ ಕೈಗುಣ ಇದ್ದ ಡಾಕ್ಟರುಗಳೆಲ್ಲ ಕೈ ಹಿಡಿದು ನಾಡಿ ನೋಡುತ್ತಾ ಎದುರಿನವರ ಮಾತು ಮುಗಿಯುವವರೆಗೂ ಕಾಯುತ್ತಿದ್ದವರು.

ಇನ್ನು ಅಮ್ಮನ ಕಾಲು. ಇದಕ್ಕೆ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯಬೇಡಿ, ಈ ವಾರವೇ ಹೋಗಿ. ಒಂಬತ್ತು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಸೋತಿರಬಹುದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು. ಸಸ್ಯಾಹಾರಿಗಳಲ್ಲಿ ಇದು ಇನ್ನೂ ಜಾಸ್ತಿ. ಅದರಿಂದಲೂ ಇದೇ ರೀತಿ ಜೋಮು ಬರುತ್ತದೆ, ಅದಕ್ಕೆ ಒಂದು ರಕ್ತಪರೀಕ್ಷೆ ಸಾಕು, ಚಿಕಿತ್ಸೆಯೂ ಸುಲಭ. ಡಾಕ್ಟರು 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಪಾದ ಮುಟ್ಟಿ ಗೊತ್ತಾಗುತ್ತಾ ಅಂತ ನೋಡುತ್ತಾರೆ, ತಟ್ಟಿದರೆ ನಡುಗುವ ಲೋಹದ ಶ್ರುತಿಕವಲನ್ನು (ಟ್ಯೂನಿಂಗ್ ಫೋರ್ಕ್) ಹೆಬ್ಬೆರಳಿಗೆ ಇಟ್ಟು ಅದರ ನಡುಕ ತಿಳಿಯುತ್ತಾ ಕೇಳುತ್ತಾರೆ. ಅಲ್ಲಿಯವರೆಗೆ ಅಮ್ಮ ಬರಿಗಾಲಲ್ಲಿ ಓಡಾಡುವುದು ಬೇಡ. ಮಧ್ಯಾಹ್ನದ ಬಿಸಿಲಲ್ಲಿ ಕಾದ ದೇವಸ್ಥಾನದ ಕಲ್ಲು ಹಾಸು, ಬಿಸಿನೀರಿನ ಚೀಲ, ಇವೆರಡೂ ಜೋಮು ಹಿಡಿದ ಪಾದವನ್ನು ಗೊತ್ತಾಗದ ಹಾಗೆ ಸುಡುತ್ತವೆ. ಕಾಲುಂಗುರ ಬಿಗಿಯಾಗಿದ್ದರೆ ತೆಗೆಸಿ ಅದರ ಕೆಳಗೆ ಚರ್ಮ ಹೇಗಿದೆ ನೋಡಿ, ಬೆರಳ ಸಂದಿಯಲ್ಲೂ ನೋಡಿ. ಗಾಯ, ಬಣ್ಣ ಬದಲಾವಣೆ ಏನೇ ಇದ್ದರೂ ಈ ವಾರ ಅನ್ನುವುದು ಇವತ್ತೇ ಅಂತ ಆಗಲಿ.

ನಿಮ್ಮ ಸರದಿ ಬಂದಾಗ, ಒಳಗೆ ಹೋಗಿ ಅಮ್ಮ ಕುರ್ಚಿಯಲ್ಲಿ ಕೂತ ತಕ್ಷಣ ಅವರ ಚಪ್ಪಲಿ, ಸಾಕ್ಸ್ ಬಿಚ್ಚಿಸಿ ಪಕ್ಕಕ್ಕಿಡಿ. ಸೀರೆ ಒಂದು ಚೂರು ಮೇಲೆತ್ತಿಕೊಳ್ಳಲಿ. ಎದುರಿಗೆ ಬರಿಗಾಲು ಕಂಡರೆ ಎಷ್ಟೇ ಅವಸರದ ಡಾಕ್ಟರೂ 'ಕಾಲಿಗೇನಾಯ್ತಮ್ಮ?' ಅಂತ ಕೇಳುವ ಸಾಧ್ಯತೆ ಜಾಸ್ತಿ. ಆಗ ನೀವು ಉತ್ತರ ಕೊಡಬೇಡಿ.